ಎಂಟು ದಿನದ ಗಂಜಿತೆಳಿ

ಚಹಾ ಬಾಯಿಯ ಬಲಗಡೆಯಿಂದ ಇಳಿಯಿತು. ಗದ್ದಕ್ಕೆ, ಅಲ್ಲಿಂದ ಅಂಗಿಗೆ.

ನಾನು ಬೈದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ನನ್ನ ಗಂಡನಿಗೆ ಸ್ಟ್ರೋಕ್ ಆದ ಗಳಿಗೆಯಲ್ಲಿ ನಾನು ಮಾಡಿದ ಮೊದಲ ಕೆಲಸ ಮುಖ ಸಿಂಡರಿಸಿದ್ದು, ಎರಡನೆಯದು ಬೈದದ್ದು. "ಎಂತ ಇದು, ಅಂಗನವಾಡಿ ಮಕ್ಕಳ ಹಾಗೆ" ಎಂದು ಒರಸುವ ಬಟ್ಟೆಯನ್ನು ಅವರ ಮಡಿಲಿಗೆ ಎಸೆದು, ನನ್ನ ಬುತ್ತಿಗೆ ಮುಚ್ಚಳ ಹಾಕುತ್ತಿದ್ದೆ. ಬಸ್ಸಿಗೆ ಹತ್ತು ನಿಮಿಷವಿತ್ತು. ಅವರು ಬಟ್ಟೆ ಮುಟ್ಟಲಿಲ್ಲ. ತಿರುಗಿ ನೋಡಿದರೆ ಬಲಗೈ ಮೇಜಿನಿಂದ ಜಾರಿ ಕೆಳಗೆ ತೂಗುತ್ತಿತ್ತು. ಏನೋ ಹೇಳಲು ಹೊರಟರು. ಬಂದದ್ದು ಜೊಲ್ಲು, ಮತ್ತೆ ಒಂದು ಶಬ್ದ.

ನಾನು ಕೇರಳದ ಗಡಿಯ ಕಾರಡ್ಕದ ಹತ್ತಿರದ ಒಂದು ಹಿರಿಯ ಪ್ರಾಥಮಿಕ (ಯು.ಪಿ.) ಶಾಲೆಯಲ್ಲಿ ಕನ್ನಡ ಟೀಚರ್. ಇವರು ಪಂಪು ರಿಪೇರಿ ಮಾಡುವವರು. ಬದಿಯಡ್ಕದಿಂದ ಎಣ್ಮಕಜೆಯವರೆಗೆ ಯಾರ ಮನೆಯ ಪಂಪು ನಿಂತರೂ ಗೋಪಣ್ಣನಿಗೆ ಫೋನು ಬರುತ್ತದೆ. ಹೋದ ಮನೆಯಲ್ಲೆಲ್ಲ ಉಂಡು ಬರುವ ಮನುಷ್ಯ. ಬಿ.ಪಿ. ಮಾತ್ರೆಯನ್ನು ಮಾತ್ರ ನೆನಪಾದರೆ ತಿಂದರು, ಇಲ್ಲದಿದ್ದರೆ ಇಲ್ಲ. ಗ್ರೀಸು, ಕೆಸರು, ಪೈಪಿನೊಳಗೆ ಸತ್ತ ಕಪ್ಪೆ, ಯಾವುದಕ್ಕೂ ಹೇಸುವವರಲ್ಲ. ಹೇಸಿಗೆಯೆಲ್ಲ ನನ್ನ ಪಾಲಿಗೆ ಬಂದಿತ್ತು. ಮಕ್ಕಳ ಸಿಂಬಳ ಕಂಡ ದಿನ ನನಗೆ ಊಟ ಸೇರುವುದಿಲ್ಲ. ಇನ್ನೊಬ್ಬರು ಕುಡಿದ ಲೋಟವನ್ನು ಎರಡು ಸಲ ತೊಳೆಯದೆ ಮುಟ್ಟುವುದಿಲ್ಲ. "ಟೀಚರಿಗೆ ದೇವರು ಎರಡು ಮೂಗು ಕೊಟ್ಟಿದ್ದಾನೆ" ಎಂದು ಇವರು ನೆಂಟರ ಎದುರು ತಮಾಷೆ ಮಾಡುತ್ತಿದ್ದರು.

ನೆರೆಮನೆಯವರ ಕಾರಿನಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಸಿ.ಟಿ. ಸ್ಕ್ಯಾನ್ ಆಯಿತು. ಮಿದುಳಿನ ಎಡಗಡೆ ಒಂದು ರಕ್ತನಾಳ ಬ್ಲಾಕ್ ಆಗಿದೆ ಎಂದರು ಡಾಕ್ಟರು. ಬಲಗಡೆಯ ಕೈಕಾಲಿಗೆ ಬಲವಿಲ್ಲ, ಮಾತು ಹೋಗಿದೆ. ಬೇಗ ತಂದದ್ದರಿಂದ ಇಂಜೆಕ್ಷನ್ ಕೊಡಲು ಆಯಿತು. "ಜೀವಕ್ಕೆ ತೊಂದರೆ ಇಲ್ಲ ಅಂತ ಕಾಣ್ತದೆ. ಎಷ್ಟು ರಿಕವರಿ ಆಗ್ತದೆ ಅಂತ ಈಗ ಹೇಳ್ಲಿಕ್ಕೆ ಆಗುದಿಲ್ಲ" ಎಂದರು.

ಮೂರನೆಯ ದಿನ ಐಸಿಯುವಿನಲ್ಲಿ ಒಬ್ಬ ಸಿಸ್ಟರ್ ಅವರನ್ನು ಒರಗಿಸಿ ಕೂರಿಸಿ ಬಾಯಿಗೆ ಒಂದು ಚಮಚ ನೀರು ಬಿಟ್ಟಳು. ಕೆಮ್ಮು ಹತ್ತಿತು. ಮುಖ ಕೆಂಪೇರಿ, ನೀರು ಮೂಗಿನಿಂದ ಹೊರಗೆ ಬಂತು.

"ನುಂಗ್ಲಿಕ್ಕೆ ಆಗುದಿಲ್ಲ ಟೀಚರ್. ನೀರು ಶ್ವಾಸಕೋಶಕ್ಕೆ ಹೋಗ್ತದೆ" ಎಂದಳು.

ಅಂದೇ ಮೂಗಿನಿಂದ ಹೊಟ್ಟೆಯವರೆಗೆ ಟ್ಯೂಬು ಹಾಕಿದರು.

ವಾರ್ಡಿಗೆ ಬಂದ ಮೇಲೆ ನನಗೆ ಹೊಸ ಹೆಸರು ಸಿಕ್ಕಿತು. ಕೇರಳದ ಆಸ್ಪತ್ರೆಗಳಲ್ಲಿ ರೋಗಿಯ ಜೊತೆ ನಿಲ್ಲುವವರು ಬೈಸ್ಟಾಂಡರ್. "ಹದಿನಾಲ್ಕರ ಬೈಸ್ಟಾಂಡರ್" ಎಂದು ಕೂಗಿದರೆ ನಾನು ಏಳಬೇಕು. ದಿನಕ್ಕೆ ಎಂಟು ಸಲ ಡಯಟ್ ಕಿಚನಿನಿಂದ ಸ್ಟೀಲಿನ ಜಾರಿನಲ್ಲಿ ಫೀಡ್ ಬರುತ್ತದೆ. ಹಾಸಿಗೆಯ ತಲೆಭಾಗ ಎತ್ತರಿಸಬೇಕು. ಹಿಂದಿನ ಸಲದ್ದು ಹೊಟ್ಟೆಯಲ್ಲಿ ಉಳಿದಿದೆಯೇ ಎಂದು ಸಿರಿಂಜಿನಿಂದ ಎಳೆದು ನೋಡಬೇಕು. ಆಮೇಲೆ ಇನ್ನೂರು ಎಂ.ಎಲ್. ನಿಧಾನಕ್ಕೆ ಇಳಿಸಬೇಕು. ನೀರು ಬಿಟ್ಟು ಟ್ಯೂಬು ತೊಳೆಯಬೇಕು. ಚಾರ್ಟಿನಲ್ಲಿ ಬರೆಯಬೇಕು. ಸಿಸ್ಟರ್ ಎರಡು ಸಲ ತೋರಿಸಿಕೊಟ್ಟಳು. ಮೂರನೆಯ ಸಲ ಜಾರನ್ನು ನನ್ನ ಕೈಗೆ ಕೊಟ್ಟು ಹೋದಳು.

ಮುಚ್ಚಳ ತೆಗೆದೆ. ಅನ್ನ, ಹೆಸರುಬೇಳೆ, ಕ್ಯಾರೆಟ್, ಮೊಟ್ಟೆ, ಹಾಲಿನ ಪುಡಿ, ಎಣ್ಣೆ, ಎಲ್ಲವನ್ನೂ ಒಟ್ಟಿಗೆ ಅರೆದು ಸೋಸಿದ್ದು. ಅದಕ್ಕೆ ಇಂಥದ್ದೇ ಎನ್ನುವ ಬಣ್ಣವಿಲ್ಲ. ಮೇಲೆ ತೆಳ್ಳಗೆ ಒಂದು ಪದರ ಕಟ್ಟಿತ್ತು. ಮೊಟ್ಟೆಯ ವಾಸನೆ, ಅದರೊಳಗೆ ಹಾಲಿನ ಸಿಹಿ ವಾಸನೆ. ನನ್ನ ತವರಿನಲ್ಲಿ ಅಕ್ಕಿ ತೊಳೆದ ನೀರು, ತರಕಾರಿ ಸಿಪ್ಪೆ, ಹಿಂದಿನ ದಿನದ ಅನ್ನ ಎಲ್ಲ ಸೇರಿಸಿ ದನಗಳಿಗೆ ಅಕ್ಕಚ್ಚು ಇಡುತ್ತಿದ್ದೆವು. ಅದು ಇದಕ್ಕಿಂತ ಚಂದ ಇತ್ತು. ಸಿರಿಂಜು ಎಳೆದಾಗ ಹಿಂದಿನ ಫೀಡು ಒಡೆದ ಹಾಲಿನಂತೆ ಮೇಲೆ ಬಂತು. ಸಿರಿಂಜು ಕೆಳಗಿಟ್ಟು ಬಾತ್‌ರೂಮಿಗೆ ಓಡಿದೆ.

ಅದರ ಮೇಲೆ ಡೈಪರ್. ಮೊದಲ ಎರಡು ದಿನ ಫೀಡು ಹೊಟ್ಟೆಗೆ ಹಿಡಿಸದೆ ನೀರಿನ ಹಾಗೆ ಹೋಯಿತು. ದಿನಕ್ಕೆ ಐದು ಸಲ, ಆರು ಸಲ. ಮೂವತ್ತು ವರ್ಷ ಜೊತೆಗೆ ಬದುಕಿದ ಮನುಷ್ಯನ ಮೈ ಒರಸುವಾಗ ನಾನು ಸೆರಗನ್ನು ಮೂಗಿಗೆ ಕಟ್ಟಿಕೊಂಡು ಬೇರೆ ಕಡೆ ನೋಡುತ್ತಿದ್ದೆ. ಪ್ರೀತಿ ಇದ್ದರೆ ಹೇಸಿಗೆ ಬರುವುದಿಲ್ಲ ಎಂದು ಹೇಳುವವರು ಯಾರಾದರೂ ಇದ್ದರೆ ಅವರು ಒಂದು ವಾರ ವಾರ್ಡಿನಲ್ಲಿ ನಿಲ್ಲಲಿ.

ಹೀಗಿರುವಾಗ ಅತ್ತಿಗೆ ಬಂದರು. ಇವರ ಅಕ್ಕ, ಸುಶೀಲತ್ತಿಗೆ. ತಾಯಿ ಬೇಗ ತೀರಿಹೋದದ್ದರಿಂದ ಇವರನ್ನು ಎತ್ತಿ ಆಡಿಸಿ ದೊಡ್ಡ ಮಾಡಿದವರು. ಆಸ್ಪತ್ರೆಗೆ ಹತ್ತಿರವೇ ಅವರ ಮಗಳ ಮನೆ. ಬಂದವರು ತಮ್ಮನ ತಲೆ ನೇವರಿಸಿ ಅತ್ತು, ಕಣ್ಣೊರಸಿಕೊಂಡು, ಜಾರಿನ ಮುಚ್ಚಳ ತೆಗೆದು ನೋಡಿದರು.

"ಎಂತ ಇದು ವನಜ?"

ಹೇಳಿದೆ.

"ಹೆಸರುಬೇಳೆಯಾ? ಮೊಟ್ಟೆಯಾ? ವಾತ ಬಡಿದವನಿಗೆ?" ಅವರ ಸ್ವರ ಸಣ್ಣದಾಯಿತು. "ಇದೆಲ್ಲ ವಾಯು ಅಲ್ವಾ. ಇವರಿಗೆ ಗೊತ್ತಿಲ್ಲದಿದ್ರೆ ನಮಗೆ ಗೊತ್ತಿಲ್ವಾ? ವಾತದ ಸೀಕಿಗೆ ಬಾಯಿ ಕಟ್ಟಬೇಕು. ಬೇಳೆ, ಉದ್ದು, ಬಟಾಟೆ ಒಂದೂ ಆಗುದಿಲ್ಲ. ಗಂಜಿತೆಳಿ ಮಾತ್ರ. ಅಪ್ಪನಿಗೆ ಹೀಗೇ ಆದಾಗ ನಾನೇ ನೋಡಿಕೊಂಡದ್ದು. ತೆಳಿ ಬಿಟ್ಟು ಬೇರೆ ಒಂದು ಹನಿ ಕೊಡ್ಲಿಲ್ಲ."

ನಾವು ಈ ಕಾಯಿಲೆಗೆ ಪಕ್ಷವಾತ ಎನ್ನುತ್ತೇವೆ. ಹೆಸರಿನಲ್ಲೇ ವಾತವಿದ್ದ ಮೇಲೆ ವಾಯು ಪದಾರ್ಥ ಕೊಡಬಾರದು ಎನ್ನುವುದು ನಮ್ಮ ಕಡೆಯ ಮನೆಗಳಲ್ಲಿ ಯಾರೂ ಯಾರಿಗೂ ಕಲಿಸದೆ ಗೊತ್ತಿರುವ ವಿಷಯ. ನನಗೂ ಗೊತ್ತಿತ್ತು. ಆದರೆ ನಾನು ಟೀಚರ್ ಕೂಡ. ಸಮತೋಲನ ಆಹಾರದ ಪೋಸ್ಟರ್ ನನ್ನ ತರಗತಿಯ ಗೋಡೆಯ ಮೇಲೆಯೇ ಉಂಟು. ಬೇಳೆ ಮತ್ತು ಮೊಟ್ಟೆಯ ಚಿತ್ರಕ್ಕೆ ಬಣ್ಣ ತುಂಬಿಸಿದವಳೇ ನಾನು. ಅತ್ತಿಗೆಗೆ ಎರಡು ಮಾತು ಹೇಳಬಹುದಿತ್ತು. ಡಾಕ್ಟರರನ್ನು ಕೇಳಬಹುದಿತ್ತು. ನಾನು ಹೇಳಿದ್ದು, "ನೀವು ಹೇಳಿದ ಹಾಗೆ ಅತ್ತಿಗೆ."

ಯಾಕೆಂದರೆ ನನಗೆ ಹಾಯೆನಿಸಿತ್ತು. ತೆಳಿ ಎಂದರೆ ಗಂಜಿಯ ಮೇಲೆ ನಿಲ್ಲುವ ನೀರು, ನೋಡಲು ಸ್ವಚ್ಛ. ವಾಸನೆ ಬಂದರೂ ಅದು ಅಡಿಗೆಮನೆಯ ಕುಚ್ಚಲಕ್ಕಿಯ ವಾಸನೆ. ಟ್ಯೂಬಿನಲ್ಲಿ ಸರಕ್ಕನೆ ಇಳಿಯುತ್ತದೆ, ಅಂಟುವುದಿಲ್ಲ, ಎಳೆದು ನೋಡಿದರೆ ಏನೂ ಮೇಲೆ ಬರುವುದಿಲ್ಲ. ಇನ್ನೂ ಒಂದು ಕಾರಣವಿತ್ತು. ಇದನ್ನು ನಾನು ಇದುವರೆಗೆ ಯಾರಿಗೂ ಹೇಳಿಲ್ಲ. ತೆಳಿ ಕೊಟ್ಟರೆ ಡೈಪರ್ ಬದಲಿಸುವ ಕೆಲಸ ಕಡಿಮೆ.

ಮರುದಿನದಿಂದ ಅತ್ತಿಗೆ ಮಗಳ ಮನೆಯಿಂದ ಫ್ಲಾಸ್ಕಿನಲ್ಲಿ ತೆಳಿ ತಂದರು, ಚಿಟಿಕೆ ಉಪ್ಪು ಹಾಕಿ. ಜಾರು ಬಂದೊಡನೆ ನಾನು ಅದನ್ನು ನಮ್ಮ ಬೆಡ್ಡಿನ ಎದುರಿನ ವಾಶ್‌ಬೇಸಿನಿಗೆ ಸುರಿದು ನಳ್ಳಿ ಬಿಡುತ್ತಿದ್ದೆ. ಆಮೇಲೆ ಇನ್ನೂರು ಎಂ.ಎಲ್. ತೆಳಿ ಟ್ಯೂಬಿಗೆ. ಚಾರ್ಟಿನಲ್ಲಿ ಇನ್ನೂರು ಎಂದು ಬರೆದೆ. ಎಂಥದ್ದರ ಇನ್ನೂರು ಎಂದು ಬರೆಯಲು ಅದರಲ್ಲಿ ಜಾಗವಿರಲಿಲ್ಲ. ಸಿಸ್ಟರ್ ದಿನವೂ ಸಹಿ ಹಾಕಿ, "ಟೀಚರ್ ಎಷ್ಟು ಕರೆಕ್ಟಾಗಿ ಬರೀತಾರೆ" ಎಂದು ಪಕ್ಕದ ಬೆಡ್ಡಿನವರಿಗೆ ತೋರಿಸಿದಳು.

ತೆಳಿ ಶುರುವಾದ ನಾಲ್ಕನೆಯ ದಿನಕ್ಕೆ ಇವರ ಕೆನ್ನೆ ಒಳಗೆ ಹೋಯಿತು. ಕಾಯಿಲೆಯಲ್ಲವೇ, ಇಳಿಯುತ್ತಾರೆ ಎಂದುಕೊಂಡೆ. ಐದನೆಯ ದಿನ ಸೊಂಟದ ಕೆಳಗೆ ಒಂದು ಕೆಂಪು ಕಲೆ. ಏಳನೆಯ ದಿನಕ್ಕೆ ಅದು ಒಡೆದು ಹುಣ್ಣಾಯಿತು, ಅಂಚು ಕಪ್ಪು, ನಡುವೆ ಹಳದಿ ಕೀವು. ಡ್ರೆಸಿಂಗ್ ಬಿಚ್ಚುವಾಗ ನಾನು ಹೊರಗೆ ಹೋಗಿ ನಿಂತೆ. ಮೊದಲು ಮಂಚದ ಅಂಚಿನಲ್ಲಿ ಕೂರುತ್ತಿದ್ದವರು ಈಗ ಫಿಸಿಯೋಥೆರಪಿಗೆ ಬಂದವನ ಕೈಯಲ್ಲಿ ಹಿಂಡಿದ ಬಟ್ಟೆಯಂತೆ ಜೋಲುತ್ತಿದ್ದರು. ಕರೆದರೆ ಕಣ್ಣು ಬಿಡುವುದು ನಿಧಾನವಾಯಿತು. ಡಾಕ್ಟರಿಗೆ ಇನ್ನೊಂದು ಸ್ಟ್ರೋಕಿನ ಅನುಮಾನ ಬಂದು ಮತ್ತೆ ಸ್ಕ್ಯಾನ್ ಮಾಡಿಸಿದರು. ಹೊಸದೇನೂ ಇರಲಿಲ್ಲ. ರಕ್ತದಲ್ಲಿ ಸೋಡಿಯಂ ಕಡಿಮೆ, ಪ್ರೋಟೀನ್ ಕಡಿಮೆ.

"ಫೀಡ್ ಸರಿ ಹೋಗ್ತಾ ಉಂಟಲ್ಲ?" ಎಂದು ಕೇಳಿದರು.

"ಹೋಗ್ತಾ ಉಂಟು ಸಾರ್" ಎಂದೆ.

ಅತ್ತಿಗೆ ಪಕ್ಕದಲ್ಲೇ ಇದ್ದರು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಎಂಟನೆಯ ದಿನ ಬೆಳಿಗ್ಗೆ ವಾಶ್‌ಬೇಸಿನ್ ಕಟ್ಟಿತು.

ನೀರು ಇಳಿಯದೆ ಮೇಲೆ ನಿಂತಿತ್ತು. ಕ್ಲೀನಿಂಗಿನ ಲೀಲೇಚಿ ಬಕೆಟ್ ಇಟ್ಟುಕೊಂಡು ಕೆಳಗೆ ಕೂತು, ಬೇಸಿನಿನ ಅಡಿಯ ಬಾಗಿದ ಪೈಪನ್ನು ತಿರುಗಿಸಿ ಬಿಚ್ಚಿದಳು. ಮೊದಲು ವಾಸನೆ ಬಂತು. ಎಂಟು ದಿನ ಕೊಳೆತ ಮೊಟ್ಟೆಯ, ಹುಳಿಯಾದ ಹಾಲಿನ ವಾಸನೆ. ವಾರ್ಡಿನ ಆಚೆ ತುದಿಯವರೂ ಮೂಗಿಗೆ ಬಟ್ಟೆ ಒತ್ತಿಕೊಂಡರು. ಆಮೇಲೆ ಅದು ಬಂತು. ಬೂದು ಬಣ್ಣದ, ಎಣ್ಣೆಯ ಪಸೆಯ, ಗಟ್ಟಿಯಾದ ಮುದ್ದೆ. ಲೀಲೇಚಿ ಕೈಗವಸು ಹಾಕಿದ ಬೆರಳು ಒಳಗೆ ಹಾಕಿ ಎಳೆದಂತೆ ಬರುತ್ತಲೇ ಇತ್ತು, ಪಚಕ್ ಪಚಕ್ ಎಂದು ಬಕೆಟ್ಟಿಗೆ ಬೀಳುತ್ತಿತ್ತು. ಅದರಲ್ಲಿ ಕ್ಯಾರೆಟ್ಟಿನ ಕೆಂಪು ಚೂರುಗಳಿದ್ದವು.

ಅವಳು ಬಗ್ಗಿ ನೋಡಿದಳು. ಮತ್ತೆ ತಲೆ ಎತ್ತಿ ಹದಿನಾಲ್ಕನೆಯ ಬೆಡ್ಡನ್ನು ನೋಡಿದಳು.

"ಟೀಚರೇ" ಎಂದಳು, ಮಲಯಾಳದಲ್ಲಿ, ಬೇರೆಯವರಿಗೆ ಕೇಳಿಸದ ಹಾಗೆ. "ಇದು ಇವರ ಊಟ ಅಲ್ವಾ?"

ನನಗೆ ವಾಂತಿ ಬರಲಿಲ್ಲ. ಬರಬೇಕಿತ್ತು. ನನ್ನ ಗಂಡ ತಿನ್ನಬೇಕಾದದ್ದು ಬಕೆಟ್ಟಿನಲ್ಲಿ, ಅದನ್ನು ಅಲ್ಲಿಗೆ ಕಳಿಸಿದ ಕೈ ನನ್ನದು. ಆ ಬಕೆಟ್ಟಿನ ಮೇಲೆ ನನಗೆ ಅಸಹ್ಯವಾಗಲೇ ಇಲ್ಲ. ನನ್ನ ಮೇಲೆ ಆಯಿತು. ಇನ್ನೂ ಆಗುತ್ತದೆ.

ಲೀಲೇಚಿ ಸಿಸ್ಟರಿಗೆ ಹೇಳಿರಬೇಕು, ಡಯಟೀಷಿಯನ್ ಸಫೀನ ಬಂದಳು. ಕುಂಬಳೆ ಕಡೆಯ ಹುಡುಗಿ, ನನ್ನ ಶಿಷ್ಯೆಯರ ವಯಸ್ಸು. ಅವಳು ಗದರಲಿಲ್ಲ. ಟೇಪು ತೆಗೆದು ಇವರ ಎಡತೋಳಿನ ಸುತ್ತಳತೆ ನೋಡಿ, ಫೈಲಿನಲ್ಲಿ ಹಿಂದೆ ಬರೆದದ್ದರ ಪಕ್ಕಕ್ಕೆ ಹಿಡಿದಳು. ಆಮೇಲೆ ಫ್ಲಾಸ್ಕಿನ ಮುಚ್ಚಳ ತೆಗೆದು ಮೂಸಿದಳು.

"ಎಷ್ಟು ದಿನ ಆಯ್ತು ಟೀಚರ್?"

"ಎಂಟು."

"ಒಂದು ಸಲವೂ ಫೀಡ್ ಕೊಡ್ಲಿಲ್ವಾ?"

"ಇಲ್ಲ."

ಅವಳು ಮಂಚದ ಅಂಚಿನಲ್ಲಿ ಕೂತಳು. "ಮಲಗಿದವರಿಗೆ ಕೆಲಸ ಇಲ್ಲ, ಊಟ ಎಂತಕ್ಕೆ ಅಂತ ನಾವು ತಿಳ್ಕೊಳ್ಳುದು. ಆದ್ರೆ ಅವರ ಮೈಯೊಳಗೆ ದೊಡ್ಡ ರಿಪೇರಿ ನಡೀತಾ ಉಂಟು. ಮಿದುಳಿಗೆ ಬೇಕು, ಹುಣ್ಣು ಕೂಡ್ಲಿಕ್ಕೆ ಬೇಕು. ಹೊರಗಿಂದ ಸಿಗದಿದ್ರೆ ಮೈ ತನ್ನ ಮಾಂಸವನ್ನೇ ಕರಗಿಸಿ ತಿಂತದೆ. ತೆಳಿಯಲ್ಲಿ ನೀರು, ಸ್ವಲ್ಪ ಗಂಜಿ ಬಿಟ್ರೆ ಬೇರೆ ಎಂತ ಉಂಟು? ಇವರು ಮಲಗಿದಲ್ಲೇ ಉಪವಾಸ ಇದ್ದದ್ದು."

ಅತ್ತಿಗೆ ಗೋಡೆಗೆ ಒರಗಿ ನಿಂತಿದ್ದರು. ಮುಂದೆ ಬಂದು, "ಅದು ವಾಯು ಅಲ್ವಾ ಮಗಾ, ವಾತ ಏರುದಿಲ್ವಾ?" ಎಂದರು. ಜಗಳಕ್ಕೆ ಕೇಳಿದ್ದಲ್ಲ, ನಿಜವಾಗಿ ಗೊತ್ತಾಗಬೇಕಿತ್ತು.

"ಇದು ರಕ್ತ ಹೆಪ್ಪುಗಟ್ಟಿ ಆದದ್ದು ಅಮ್ಮಾ. ಬೇಳೆಯಿಂದ ಏರುವಂಥದ್ದು ಎಂತದ್ದೂ ಇಲ್ಲ ಇದರಲ್ಲಿ."



"ಅಪ್ಪನಿಗೆ ನಾನು ಮೂರು ವಾರ ತೆಳಿ ಕೊಟ್ಟದ್ದು" ಎಂದರು ಅತ್ತಿಗೆ. "ಹುಣ್ಣು ಆಗಿತ್ತು. ಹೀಗೇ ಇಳಿದರು. ವಾತದಲ್ಲಿ ಹೋದರು ಅಂತ ನಾವು..."

ಸಫೀನ ಫ್ಲಾಸ್ಕಿಗೆ ಮುಚ್ಚಳ ಹಾಕಿದಳು. ನನ್ನ ಮಾವ ತೀರಿಕೊಂಡು ಇಪ್ಪತ್ತೆರಡು ವರ್ಷವಾಯಿತು. ಅವರನ್ನು ಅತ್ತಿಗೆ ಎಷ್ಟು ಚೆನ್ನಾಗಿ ನೋಡಿಕೊಂಡರೆಂದು ಊರಿನಲ್ಲಿ ಇಂದಿಗೂ ಹೇಳುತ್ತಾರೆ. ಅತ್ತಿಗೆ ಹೊರಗೆ ಹೋಗಿ ವರಾಂಡದ ಬೆಂಚಿನಲ್ಲಿ ಕೂತರು. ನಾನು ಹಿಂದೆ ಹೋಗಲಿಲ್ಲ. ಜಾರು ಬಂದಿತ್ತು.

ಒಮ್ಮೆಗೇ ಪೂರ್ತಿ ಕೊಡಬಾರದು ಎಂದಳು ಸಫೀನ. ಇಷ್ಟು ದಿನ ಹಸಿದ ಮೈಗೆ ತಟ್ಟನೆ ತುಂಬಿಸಿದರೆ ಅದೇ ಅಪಾಯವಂತೆ. ಮೊದಲು ಐವತ್ತು, ರಕ್ತ ಪರೀಕ್ಷೆ, ಆಮೇಲೆ ನೂರು. ನಾನು ಒಂದು ಚಮಚ ಫೀಡನ್ನು ನನ್ನ ಬಾಯಿಗೆ ಹಾಕಿಕೊಂಡೆ. ರುಚಿ ನೋಡಿದರೆ ಹೇಸಿಗೆ ಹೋದೀತೆಂಬ ಆಸೆ. ಹೋಗಲಿಲ್ಲ. ಉಪ್ಪೂ ಅಲ್ಲದ, ಸಿಹಿಯೂ ಅಲ್ಲದ, ನಾಲಿಗೆಗೆ ಅಂಟುವ ಆ ವಸ್ತುವನ್ನು ಕಣ್ಣು ಮುಚ್ಚಿ ನುಂಗಿದೆ. ನುಂಗಿದ ಮೇಲೂ ಗಂಟಲಲ್ಲಿ ಅರ್ಧ ಗಂಟೆ ಇತ್ತು. ಮತ್ತೆ ಸಿರಿಂಜು ತೆಗೆದುಕೊಂಡೆ. ಮೂಗಿಗೆ ಸೆರಗು ಕಟ್ಟುವುದನ್ನು ಬಿಟ್ಟೆ, ಅಷ್ಟೇ. ಓಕರಿಕೆ ಬಂದಾಗ ಬರಲಿ ಎಂದು ಬಿಟ್ಟು, ಕೈ ಮಾತ್ರ ನಿಲ್ಲಿಸಲಿಲ್ಲ.

ಹುಣ್ಣಿನ ಡ್ರೆಸಿಂಗಿಗೂ ನಿಂತೆ. ಕೀವು ಒರಸುವುದನ್ನು ನೋಡಿದೆ. ಎರಡು ವಾರದ ಮೇಲೆ ಅದರ ಅಂಚಿನಲ್ಲಿ ಗುಲಾಬಿ ಬಣ್ಣದ ಹೊಸ ಮಾಂಸ ಬಂದಾಗ ಸಿಸ್ಟರನ್ನು ಕರೆದು ತೋರಿಸಿದವಳು ನಾನು. ಅತ್ತಿಗೆ ಎರಡು ದಿನ ಬರಲಿಲ್ಲ. ಮೂರನೆಯ ದಿನ ಬಂದರು, ಕೈಯಲ್ಲಿ ಫ್ಲಾಸ್ಕು ಇರಲಿಲ್ಲ. "ಎಂತ ಮಾಡ್ಬೇಕು ಹೇಳು" ಎಂದರು. ಡೈಪರ್ ಬದಲಿಸಲು ಒಂದು ಬದಿ ಹಿಡಿಯಿರಿ ಎಂದೆ. ಹಿಡಿದರು. ಇಪ್ಪತ್ತೆರಡು ವರ್ಷದ ಹಿಂದಿನ ಆ ಮಾತನ್ನು ಆಮೇಲೆ ನಾವಿಬ್ಬರೂ ಎತ್ತಿಲ್ಲ.

ನುಂಗುವ ಅಭ್ಯಾಸ ಶುರುವಾಯಿತು. ಮೊದಲು ಬರೀ ಎಂಜಲು ನುಂಗುವುದು. ಆಮೇಲೆ ಗಟ್ಟಿ ಮಾಡಿದ ನೀರು. ಹೌದು, ನೀರಿಗೆ ಪುಡಿ ಹಾಕಿ ಲೋಳೆ ಮಾಡಿ ಕೊಡುತ್ತಾರೆ, ತೆಳ್ಳಗಿನದ್ದು ತಪ್ಪು ದಾರಿಗೆ ಹೋಗುತ್ತದೆ ಎಂದು. ನೋಡಿದರೆ ಸಿಂಬಳ. ಅದನ್ನು ಚಮಚದಲ್ಲಿ ತೆಗೆದುಕೊಂಡು ನಾನೇ ಕೊಟ್ಟೆ. ಆಮೇಲೆ ಹಿಸುಕಿದ ಅನ್ನ ಬೇಳೆ, ನುಣ್ಣಗೆ ಅರೆದ ಮೀನು. ಆರನೆಯ ವಾರ ಟ್ಯೂಬು ತೆಗೆದರು. ಅದು ಮೂಗಿನಿಂದ ಲೋಳೆ ಸಮೇತ ಉದ್ದಕ್ಕೆ ಬಂತು. ಇವರು ಎಡಗೈಯಿಂದ ಮೂಗು ತಿಕ್ಕಿಕೊಂಡು ಓರೆಯಾಗಿ ನಕ್ಕರು.

ಮನೆಗೆ ಬಂದು ಎರಡು ತಿಂಗಳಾಯಿತು. ನಾನು ದೀರ್ಘ ರಜೆಯಲ್ಲಿದ್ದೇನೆ. ಗೋಡೆ ಹಿಡಿದು ಬಚ್ಚಲಿನವರೆಗೆ ನಡೆಯುತ್ತಾರೆ. ಇಳಿದ ತೂಕದಲ್ಲಿ ಅರ್ಧದಷ್ಟಾದರೂ ಮರಳಿದೆ. ಬಲಗೈ ಇನ್ನೂ ಮಡಿಲಲ್ಲೇ. ಎಡಗೈಯಿಂದ ಉಣ್ಣುತ್ತಾರೆ. ಎಡಗೈ ಎಂದರೆ ನಮ್ಮಲ್ಲಿ ಯಾವುದಕ್ಕೆ ಇರುವ ಕೈ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಮೊದಲ ದಿನ ನನಗೆ ನೋಡಲಾಗಲಿಲ್ಲ. ಈಗಲೂ ಅಭ್ಯಾಸವಾಗಿದೆ ಎಂದು ಹೇಳಿದರೆ ಸುಳ್ಳಾದೀತು. ಆಯಾಸವಾದ ದಿನ ನಾನೇ ತಿನ್ನಿಸುತ್ತೇನೆ. ಮಾತು ಒಂದೊಂದೇ ಬರುತ್ತಿದೆ. "ಬಾ", "ಸಾಕು", "ಫ್ಯಾನ್", "ವನಜ".

ಮೊನ್ನೆ ಮಧ್ಯಾಹ್ನ ಅಂಥ ಆಯಾಸದ ದಿನ. ತೊಗರಿಬೇಳೆ ಕಲಸಿ ಹಿಸುಕಿದ ಅನ್ನ, ಅದರಲ್ಲಿ ಒಂದು ಮೊಟ್ಟೆ. ನಾಲ್ಕು ಚಮಚ ತಿಂದವರು ಬಾಯಿ ಮುಚ್ಚಿದರು. ಏನೋ ಹೇಳಬೇಕಿತ್ತು. ನಾನು ಕಾದೆ. ಕಾಯಬೇಕು, ನಾವೇ ಶಬ್ದ ತುಂಬಿಸಿ ಕೊಡಬಾರದು ಎಂದು ಸ್ಪೀಚ್ ಥೆರಪಿಯವರು ಹೇಳಿದ್ದಾರೆ.

"ಹಸಿವು" ಎಂದರು.

"ಇನ್ನೂ ಉಂಟು, ತಿನ್ನಿ."

ತಲೆ ಅಲ್ಲಾಡಿಸಿದರು. "ಅಲ್ಲಿ."

"ಎಲ್ಲಿ?"

"ಆಸ್ಪತ್ರೆ." ಬಹಳ ಕಷ್ಟಪಟ್ಟು, ನಡುನಡುವೆ ನಿಂತು ಹೇಳಿದರು. "ಹಸಿವು... ಆಗ್ತಿತ್ತು. ನೀನು... ಚೆಲ್ಲುದು... ಕಾಣ್ತಿತ್ತು."

ನನ್ನ ಕೈಯಲ್ಲಿ ಚಮಚವಿತ್ತು. ಅವರಿಗೆ ಏನೂ ಗೊತ್ತಾಗುತ್ತಿರಲಿಲ್ಲ ಎಂದು ಇಷ್ಟು ದಿನ ನಂಬಿಕೊಂಡಿದ್ದೆ. ದಿನಕ್ಕೆ ಎಂಟು ಸಲ, ಎಂಟು ದಿನ, ಅವರು ಮಲಗಿದಲ್ಲಿಂದ ನೋಡಿದ್ದರು. ಕರೆಯಲು ಬಾಯಿರಲಿಲ್ಲ.

"ಹೌದು" ಎಂದೆ. "ಚೆಲ್ಲಿದೆ. ನನಗೆ ಹೇಸಿಗೆ ಆಗ್ತಿತ್ತು."

ಅತ್ತಿಗೆಯ ಹೆಸರು ಹೇಳಲಿಲ್ಲ. ಅವರು ನನ್ನನ್ನೇ ನೋಡುತ್ತಿದ್ದರು. ಬಾಯಿಯ ಬಲಗಡೆ ಅನ್ನದ ಅಗುಳೊಂದು ಅಂಟಿಕೊಂಡಿತ್ತು, ಅದರ ಸುತ್ತ ಜೊಲ್ಲು. ಬಟ್ಟೆ ಕೈಗೆ ಸಿಗಲಿಲ್ಲ. ಬೆರಳಿನಿಂದಲೇ ಒರಸಿದೆ. ಅವರು ಬಾಯಿ ತೆರೆದರು.

ಬಟ್ಟಲಲ್ಲಿದ್ದುದನ್ನು ಪೂರ್ತಿ ತಿನ್ನಿಸಿದೆ.